ಎದುರು ಕುರ್ಚಿಯವಳು

ಅತ್ತೆಯವರಿಗೆ ನಮಸ್ಕಾರ.

ಮಂಡಿನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ. "ನನ್ನ ಮಗ ಗಡಿಯಲ್ಲಿ ಯಾತಕ್ಕೆ ಸತ್ತ ಅಂತ ಓದಿಯಾದ್ರೂ ತಿಳ್ಕೊಂಡು ಬಾ" ಎಂದು ನೀವೇ ನನ್ನನ್ನು ಈ ಅಂತರರಾಷ್ಟ್ರೀಯ ಭದ್ರತೆಯ ಎಂ.ಎ.ಗೆ ಕಳುಹಿಸಿದಿರಿ. ಒಂದು ವರ್ಷ ಮುಗಿಯಿತು. ಉತ್ತರ ಇನ್ನೂ ಸಿಕ್ಕಿಲ್ಲ.

ಕಳೆದ ವಾರ ತರಗತಿಯಲ್ಲಿ ಅಣಕು ಸಂಧಾನ ಮಾಡಿಸಿದರು. ಸತ್ತ ಸೈನಿಕರ ದೇಹಗಳನ್ನು ಎರಡು ದೇಶಗಳು ಪರಸ್ಪರ ಒಪ್ಪಿಸುವ ಕರಾರು ಬರೆಯಬೇಕಿತ್ತು. ನನ್ನೆದುರು ಕೂತವಳು ಗಡಿಯಾಚೆಯಿಂದ ಓದಲು ಬಂದ ಹುಡುಗಿ, ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಕೋಣೆಯವಳು. ನಿಮ್ಮ ಮಗನ ದೇಹದ ಜೊತೆ ವಾಚು ಬರಲೇ ಇಲ್ಲವೆಂದು ನೀವು ಈಗಲೂ ಕೊರಗುವುದು ನೆನಪಾಗಿ, "ಜೇಬಿನಲ್ಲಿದ್ದದ್ದೆಲ್ಲ ದೇಹದ ಜೊತೆ ಕೊಡಬೇಕು" ಎಂದೆ. ಅವಳು ಪೆನ್ನು ಕೆಳಗಿಟ್ಟಳು.

"ನಮ್ಮಣ್ಣಂದು ದೇಹಾನೇ ಬರ್ಲಿಲ್ಲ ಅಕ್ಕಾ" ಅಂದಳು. ನಿಮ್ಮ ಮಗ ಸತ್ತ ಅದೇ ವರ್ಷ, ಅದೇ ಕಣಿವೆ.

ಮೇಷ್ಟ್ರು ತರಗತಿಯನ್ನು ಅಲ್ಲಿಗೇ ನಿಲ್ಲಿಸಿದರು. ನಾವಿಬ್ಬರು ಮಾತ್ರ ಏಳದೆ, ಆ ಕರಾರನ್ನು ಕೊನೆಯ ಸಾಲಿನವರೆಗೂ ಬರೆದು ಮುಗಿಸಿದೆವು.

ರಜೆಯಲ್ಲಿ ಹಾಸ್ಟೆಲ್ ಮುಚ್ಚುತ್ತಾರೆ. ಗಡಿಯೂ ಮತ್ತೆ ಮುಚ್ಚಿದೆ, ಅವಳು ಊರಿಗೆ ಹೋಗುವಂತಿಲ್ಲ. ನಮ್ಮ ಮನೆಗೆ ಬಾ ಎಂದು ಕರೆದೆ. ಎರಡು ದಿನ ಬಿಟ್ಟು ಬಂದು, "ನಾನ್ಯಾರು ಅಂತ ನಿಮ್ಮತ್ತೆಗೆ ಮೊದಲೇ ಹೇಳ್ಬಿಡಿ ಅಕ್ಕಾ. ಮುಚ್ಚಿಟ್ಟು ಅವರು ಬಡಿಸಿದ್ದು ಉಣ್ಣೋಕೆ ನನ್ನಿಂದಾಗಲ್ಲ" ಎಂದಳು.

ಅದಕ್ಕೇ ಈ ಪತ್ರ. ಬೇಡವೆನ್ನಿಸಿದರೆ ಎರಡು ಸಾಲು ಬರೆದುಬಿಡಿ, ನನಗೇನೂ ಬೇಸರವಿಲ್ಲ. ಅವಳಿಗೆ ಇಲ್ಲೇ ಎಲ್ಲಾದರೂ ಕೋಣೆ ಹುಡುಕುತ್ತೇನೆ. ಸರಿಯೆನ್ನಿಸಿದರೆ, ನಿಮ್ಮ ಮಗ ಹೋದಂದಿನಿಂದ ಮುಚ್ಚಿರುವ ಕೋಣೆಯ ಬೀಗ ತೆಗೆಸಿ, ಕಿಟಕಿ ತೆರೆಸಿಡಿ. ಹುಡುಗಿಗೆ ಧೂಳು ಆಗುವುದಿಲ್ಲ.

ನಿಮ್ಮ ಸೊಸೆ