ಹಳೇ ಫ್ರಿಜ್ ಇವತ್ತು ಹೋಗಲೇಬೇಕು

ಮಾವ,

ಅಂಗಡಿಯವರು ಹೊಸ ಫ್ರಿಜ್ ತೆಗೆದುಕೊಂಡು ಇವತ್ತು ಮತ್ತೆ ಬರುತ್ತಾರೆ. ದಯವಿಟ್ಟು ಒಳಗೆ ಬಿಡಿ. ನಿನ್ನೆಯ ಹಾಗೆ ಗೇಟಿನಲ್ಲೇ ನಿಂತು, "ನಮ್ಮದು ರಿಪೇರಿ ಆಯ್ತು, ವಾಪಸ್ ತಗೊಂಡ್ಹೋಗ್ರಪ್ಪ" ಎಂದು ಕಳಿಸಿಬಿಡಬೇಡಿ. ಅವರನ್ನು ಮತ್ತೆ ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ವಾರದಿಂದ ನೀವು ಹಳೆಯದರ ರಿಪೇರಿಯ ಹಿಂದೆ ಬಿದ್ದಿದ್ದೀರಿ, ಇಲ್ಲ ಅನ್ನುವುದಿಲ್ಲ. ಗುರ್ ಎನ್ನುತ್ತದೆ, ದೀಪವೂ ಉರಿಯುತ್ತದೆ. ಆದರೆ ತಣ್ಣಗಾಗುವ ಬದಲು ಒಳಗೆಲ್ಲ ಬಿಸಿಯಾಗುತ್ತಿದೆ. ದಿನಾ ಬೆಳಗ್ಗೆ ಒಡೆದ ಹಾಲನ್ನು ನೀವು ಏಳುವ ಮೊದಲೇ ಚೆಲ್ಲುತ್ತಿದ್ದೇನೆ.

ಬಾಗಿಲ ಹತ್ತಿರದ ಕುರ್ಚಿಗಳನ್ನು ಸರಿಸಿಡಿ. ಹಳೆಯದನ್ನು ಇನ್ನೊಮ್ಮೆ ಬಿಚ್ಚಲು ಹೋಗಬೇಡಿ. ಸ್ಕ್ರೂಡ್ರೈವರ್ ಹುಡುಕಬೇಡಿ, ನನ್ನ ಬ್ಯಾಗಿನಲ್ಲಿದೆ. ಹೌದು, ಬೇಕೆಂದೇ ತೆಗೆದುಕೊಂಡು ಹೋಗುತ್ತಿದ್ದೇನೆ. ಅದರ ಮೋಟರನ್ನು ನಿಮಗೇ ಬಿಟ್ಟುಹೋಗಲು ಅಂಗಡಿಯವರಿಗೆ ಹೇಳಿದ್ದೇನೆ. ಸಂಜೆ ಕೂತು ಏನು ಬೇಕಾದರೂ ಮಾಡಿಕೊಳ್ಳಿ.

ಅತ್ತೆಗೆ ತಂದ ಹೊಸ ಇನ್ಸುಲಿನ್ ಪಕ್ಕದ ಮನೆಯ ಫ್ರಿಜ್ಜಿನಲ್ಲಿದೆ. ಊಟಕ್ಕೆ ಮೊದಲು ನೀವೇ ಹೋಗಿ ತನ್ನಿ. ನಮ್ಮ ಫ್ರಿಜ್ಜಿನಲ್ಲಿದ್ದುದನ್ನು ಎಸೆದಿದ್ದೇನೆ.

ಇದನ್ನು ನಿಮಗೆ ಹೇಳಬಾರದು ಎಂದು ಅತ್ತೆ ಅಂದಿದ್ದರು, ಆದರೂ ಹೇಳುತ್ತೇನೆ. ಅವರ ಶುಗರ್ ಇಳಿಯುತ್ತಿಲ್ಲ ಎಂದು ನೀವು ಡಾಕ್ಟರನ್ನು ಬೈಯುತ್ತಿದ್ದಿರಲ್ಲ, ಔಷಧಿ ಬಿಸಿಯಾಗಿ ಕೆಟ್ಟಿದೆ ಎಂದು ಅತ್ತೆಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಚುಚ್ಚಿಕೊಂಡರು. ಯಾಕೆ ಎಂದು ಕೇಳಿದ್ದಕ್ಕೆ, "ಅವರು ಅಷ್ಟು ಖುಷಿಯಾಗಿ ಫ್ರಿಜ್ ಸರಿಹೋಯ್ತು ಅಂದ್ರು ಕಣೇ, ಇನ್ನೂ ಕೆಟ್ಟಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?" ಎಂದರು.