ದೀಪದ ಮೇಲಿನ ವಿಭೂತಿ

ಅಕ್ಷತಾ,

ಮೆಟ್ಟಿಲು ಎಡವಿ ಮೊಣಕಾಲು ತರಚಿತು ಎಂದು ನಿನ್ನೆ ನಿನ್ನ ಅಜ್ಜ ಹೇಳಿದ್ದು ಸುಳ್ಳು. ಚಿಕ್ಕೇರೂರು ಕ್ರಾಸಿನಲ್ಲಿ, ಬೆಳಗಿನ ಮಂಜಿನೊಳಗೆ ಟ್ರ್ಯಾಕ್ಟರೊಂದು ಅಡ್ಡ ಬಂತು. ಅವನು ಬೈಕಿನ ಸಮೇತ ಗಟಾರಕ್ಕೆ ಇಳಿದ.

"ಕಣ್ಣು ಕಾಣಂಗಿಲ್ಲೇನಲೇ? ಲೈಟ್ ಹಚ್ಚೇನಿ!" ಎಂದು ಗಟಾರದಿಂದಲೇ ಗದರಿದ.

ಟ್ರ್ಯಾಕ್ಟರಿನವನು ಇಳಿದು ಬಂದು ಬೈಕಿನ ದೀಪದ ಮೇಲೆ ಉಗುರಿನಿಂದ ಕೆರೆದ. "ಯಜ್ಜಾ, ಲೈಟ್ ಐತ್ರಿ. ಅದರ ಮ್ಯಾಲ ಬೆರಳುದಪ್ಪ ವಿಭೂತಿನೂ ಐತಿ. ನನಗ ಹೆಂಗ ಕಾಣಬೇಕ್ರಿ?"

ಪೂಜೆ ಮುಗಿಸಿ ದೀಪಕ್ಕೆ ಮೂರು ಬೆರಳು ವಿಭೂತಿ ಎಳೆಯದೆ ಅವನು ಗಾಡಿ ಹತ್ತಿದವನಲ್ಲ. ನಿನ್ನ ಅಜ್ಜಿ ದಿನವೂ ಬಾಗಿಲಿಗೆ ಬಂದು ಅದನ್ನು ಸೆರಗಿನಿಂದ ಒರೆಸುತ್ತಿದ್ದಳು. "ದೇವರದನ್ನ ಒರಸ್ತೀಯಲ್ಲ, ಪಾಪ ಬರ್ತೈತಿ" ಎಂದು ಈ ಮಹಾಭಕ್ತ ಬೈಯುತ್ತಿದ್ದ. "ಬಂದ್ರ ಬರ್ಲಿ ತಗೋರಿ" ಎನ್ನುತ್ತಿದ್ದಳು ಅವಳು. ಅವಳು ಶಿವನ ಪಾದ ಸೇರಿ ಮೂರು ತಿಂಗಳಾಯಿತು. ಅಷ್ಟೂ ದಿನದ ವಿಭೂತಿ ಅಲ್ಲೇ ಗಟ್ಟಿಯಾಗಿತ್ತು.

ಇವತ್ತು ಹಿರೇಕೆರೂರಿಗೆ ಗಾಡಿ ನೀನು ಒಯ್ಯಬೇಕೆಂದು ಅಜ್ಜ ಬಸ್ಸಿಗೆ ಹೋಗಿದ್ದಾನೆ. ಹಿಂದಿನ ಮಡ್‌ಗಾರ್ಡಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿದ್ದಾನೆ. ಸೊಟ್ಟಗಿದೆ, ನಗಬೇಡ. ಹಳದಿ ಜಾಕೀಟು ಗೂಟದ ಮೇಲಿದೆ, ಹಾಕಿಕೋ. ಮಂಜು ಕರಗುವ ತನಕ ಹೊರಡಬೇಡ.

ದೀಪವನ್ನು ರಾತ್ರಿಯೇ ಉಜ್ಜಿ ತೊಳೆದಿದ್ದ. ಆದರೆ ಬೆಳಿಗ್ಗೆ ಕೈ ಕೇಳಲಿಲ್ಲ, ಮತ್ತೆ ಮೂರು ಬೆರಳು ಎಳೆದಿದ್ದಾನೆ. ಅಜ್ಜಿಯ ಹಳೆಯ ಸೀರೆಯ ತುಂಡನ್ನು ಹ್ಯಾಂಡಲಿಗೆ ಕಟ್ಟಿದ್ದಾನೆ. ಒರೆಸಿಕೊಂಡೇ ಹೋಗು. ಪಾಪ ಬಂದರೆ ಬರಲಿ.

ನಿನ್ನ ಅಜ್ಜ,
ಉಳವಪ್ಪ