ಯಂತ್ರ ಉಗುಳಿದ ಮರಳು

ಅಪ್ಪಾ,

ನೀನು ತೀರಿಕೊಂಡ ಮೇಲೆ ನಾನು ತಂದ ಚಿನ್ನ ಸೋಸುವ ಮಹಾಯಂತ್ರ ಇಂದು ಅರ್ಧ ಹೊಳೆದಂಡೆ ನುಂಗಿ, ಬರೀ ಸದ್ದನ್ನು ದಯಪಾಲಿಸಿತು. ಅದು ಉಗುಳಿದ ಮರಳನ್ನೇ ಅಕ್ಕ ನೀನು ಚಿನ್ನ ಸೋಸುತ್ತಿದ್ದ ಮರದ ಬೋಗುಣಿಗೆ, ಆ ಹಳೇ ಮರಿಗೆಗೆ, ತುಂಬಿಕೊಂಡು, ನೀರಲ್ಲಿ ಕೂತು ಮೆಲ್ಲಗೆ ತಿರುಗಿಸಿದಳು. ತಳದಲ್ಲಿ ಏಳು ಚಿನ್ನದ ಕಣ ಮಿನುಗಿದವು.

"ಇದನ್ನ ಯಾವಾಗ ಕಲಿತೆಯೇ ಅಕ್ಕಾ?"

"ಅಪ್ಪ ದಿನಾ ಕರೀತಿದ್ದಿದ್ದು ನಿನ್ನನ್ನ. ಯಂತ್ರದ ವಿಡಿಯೊ ಮುಗೀಲಿ ಅಂತಿದ್ದೆಯಲ್ಲೋ ದೊರೆ. ಕೊನೆಗೆ ನನ್ನನ್ನ ಕೂರಿಸ್ಕೊಂಡ."

ಯಂತ್ರದ ಮಾಲೀಕನ ಗತ್ತಿನಲ್ಲಿ ಮರಿಗೆ ಕಸಿದುಕೊಂಡು ನಾನೂ ಒಮ್ಮೆ ತಿರುಗಿಸಿದೆ. ಉಳಿದಿದ್ದ ಮರಳಿನ ಜೊತೆ ಅವಳ ಏಳು ಕಣಗಳೂ ಹೊಳೆಪಾಲಾದವು.

"ಇರಲಿ ಬಿಡೋ, ಇನ್ನೊಂದ್ಸಲ ತುಂಬ್ಕೋ" ಅಂದಳು, ಥೇಟ್ ನಿನ್ನ ಹಾಗೆ.

ತುಂಬಿಕೊಂಡೆ. ಕೈ ಮಾತ್ರ ತಿರುಗಲೊಲ್ಲದು. ಅವಳು ಬೈದಿದ್ದರೆ ಜಗಳವಾಡಿಯಾದರೂ ಬಚಾವಾಗುತ್ತಿದ್ದೆ.